ಲೈಬ್ರರಿ ಕೊಟ್ಟ ಮಾತು, ಪ್ಯಾಕೇಜ್ ಹೊತ್ತ ಹೊಣೆ

2022ರ ಏಪ್ರಿಲ್‌ನಲ್ಲಿ ಉಬುಂಟು 22.04 ಬಿಡುಗಡೆಯಾದ ಮೇಲೆ ಬಹಳ ಮಂದಿಯ ಟರ್ಮಿನಲ್‌ನಲ್ಲಿ ಒಂದೇ ದೂರು ಕಾಣಿಸಿಕೊಂಡಿತು. ಹಿಂದಿನ ದಿನದವರೆಗೂ ಓಡುತ್ತಿದ್ದ ಪ್ರೋಗ್ರಾಂ ಶುರುವಾಗುವ ಮೊದಲೇ ನಿಂತು, ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಎಂಬ ಕಡತ ಸಿಗಲಿಲ್ಲ ಎನ್ನುತ್ತಿತ್ತು. ಹೊಸ ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಲ್ 3.0 ಬಂದಿತ್ತು, 1.1 ಹೋಗಿತ್ತು. ಉಬುಂಟುವಿನ ಸ್ವಂತ ಪ್ಯಾಕೇಜುಗಳೆಲ್ಲ ಹೊಸದಕ್ಕೆ ಹೊಂದಿಕೊಂಡಿದ್ದವು. ಹೊರಗಿನಿಂದ ತಂದು ಹಾಕಿಕೊಂಡವು ಮಾತ್ರ ಹಳೆಯ ಹೆಸರನ್ನೇ ಕೇಳುತ್ತಿದ್ದವು.

ಆಗ ಜನ ಎರಡು ದಾರಿ ಹಿಡಿದರು. ಕೆಲವರು ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3ಕ್ಕೆ ಹಳೆಯ ಹೆಸರಿನ ಸಿಮ್‌ಲಿಂಕ್ ಕೊಟ್ಟು ನೋಡಿದರು. ಕಡತವೇನೋ ಸಿಕ್ಕಿತು, ಆದರೆ ಲೋಡರ್ ಅದರೊಳಗೆ ‘ಓಪನ್‌ಎಸ್‌ಎಸ್‌ಎಲ್_1_1_0’ ಎಂಬ ಗುರುತನ್ನು ಹುಡುಕಿ, ಕಾಣದೆ ಮತ್ತೆ ನಿಂತಿತು. ಇನ್ನು ಕೆಲವರು 20.04ರ ಭಂಡಾರದಿಂದ ಹಳೆಯ ಪ್ಯಾಕೇಜನ್ನು ಇಳಿಸಿಕೊಂಡು ಕೈಯಾರೆ ಹಾಕಿದರು. ಇದು ಕೆಲಸ ಮಾಡಿತು. ನಾನೂ ಒಂದು ಸರ್ವರ್‌ನಲ್ಲಿ ಹಾಗೆಯೇ ಮಾಡಿದೆ, ಆಮೇಲೆ ಮರೆತೆ. ಹಾಗೆ ಹಾಕಿದ ಲೈಬ್ರರಿಗೆ 22.04ರ ಕಡೆಯಿಂದ ಯಾವ ತಿದ್ದುಪಡಿಯೂ ಬರುವುದಿಲ್ಲ. 2023ರ ಸೆಪ್ಟೆಂಬರ್ 11ಕ್ಕೆ ಓಪನ್‌ಎಸ್‌ಎಸ್‌ಎಲ್ ತಂಡವೂ 1.1.1ಕ್ಕೆ ಸಾರ್ವಜನಿಕ ಬೆಂಬಲ ನಿಲ್ಲಿಸಿತು. ಅಲ್ಲಿಂದ ಮುಂದೆ ಆ ಸರ್ವರ್‌ನ ಬೀಗದ ಕೈ ಯಾರೂ ಕಾಯದ ಒಂದು ಕಡತದಲ್ಲಿತ್ತು. ಅದು ಗೊತ್ತಾದ ದಿನದಿಂದ ಈ ವಿಷಯ ನನಗೆ ಬರೀ ತಾಂತ್ರಿಕ ಕಿರಿಕಿರಿಯಾಗಿ ಉಳಿದಿಲ್ಲ.

ತಂತ್ರಾಂಶವನ್ನು ಪ್ಯಾಕೇಜ್ ಮಾಡುವವರು ಹಂಚಿಕೆಯ ಬೈನರಿ ಲೈಬ್ರರಿಗಳನ್ನು ಹೇಗೆ ನಿಭಾಯಿಸಬೇಕು? ಡಿಸ್ಟ್ರೋಗಳು, ಪೈಥಾನ್ ಲೋಕ, ನಿಕ್ಸ್, ಫ್ಲ್ಯಾಟ್‌ಪ್ಯಾಕ್, ಗೋ ಮತ್ತು ರಸ್ಟ್ ಭಾಷೆಗಳವರು ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟಿದ್ದಾರೆ. ನನಗೆ ಕಂಡಂತೆ ಇವೆಲ್ಲ ಒಂದೇ ಹೊರೆಯನ್ನು ಬೇರೆ ಬೇರೆ ಹೆಗಲಿಗೆ ಏರಿಸುವ ಕ್ರಮಗಳು. ಲೈಬ್ರರಿಯೊಂದು ಬದಲಾದಾಗ, ಅದನ್ನು ನಂಬಿದವರನ್ನೆಲ್ಲ ಹುಡುಕಿ ಮತ್ತೆ ಬಿಲ್ಡ್ ಮಾಡುವವರು ಯಾರು? ಯಾವ ಪದ್ಧತಿಯನ್ನು ತೂಗಿ ನೋಡುವಾಗಲೂ ನಾನು ಮೊದಲು ಕೇಳುವುದು ಇದನ್ನೇ.

ಶೇರ್ಡ್ ಲೈಬ್ರರಿ ಹುಟ್ಟಿದ್ದು ಉಳಿತಾಯಕ್ಕಾಗಿ. ಹತ್ತು ಪ್ರೋಗ್ರಾಂಗಳಿಗೆ ಬೇಕಾದ ಕೋಡನ್ನು ಹತ್ತರೊಳಗೂ ತುಂಬುವ ಬದಲು ಡಿಸ್ಕಿನಲ್ಲಿ ಒಂದೇ ಕಡತವಾಗಿಟ್ಟು, ಮೆಮೊರಿಯಲ್ಲೂ ಒಂದೇ ಪ್ರತಿಯನ್ನು ಎಲ್ಲರೂ ಬಳಸುವುದು. ಯೂನಿಕ್ಸ್ ಲೋಕದಲ್ಲಿ ಇದಕ್ಕೆ ಈಗಿನ ರೂಪ ಬಂದದ್ದು 1980ರ ದಶಕದ ಕೊನೆಯಲ್ಲಿ, ಸನ್‌ಓಎಸ್ 4 ಮತ್ತು ಅದರ ಬೆನ್ನಿಗೆ ಬಂದ ಇಎಲ್‌ಎಫ್ ಕಡತ ಸ್ವರೂಪದಿಂದ. ಲಿನಕ್ಸ್‌ನ ಆರಂಭದ ವರ್ಷಗಳಲ್ಲಿ ಪ್ರತಿ ಲೈಬ್ರರಿಗೂ ಮೆಮೊರಿಯಲ್ಲಿ ಇಂಥದೇ ವಿಳಾಸ ಎಂದು ಮೊದಲೇ ಮಾತಾಡಿ ಗೊತ್ತುಪಡಿಸಿಕೊಳ್ಳಬೇಕಿತ್ತು. 1995ರ ಹೊತ್ತಿಗೆ ಇಎಲ್‌ಎಫ್ ಬಂದ ಮೇಲೆ ಆ ಕಷ್ಟ ಹೋಯಿತು. ಇವತ್ತು ಡಿಸ್ಕಿನ ಉಳಿತಾಯ ಅಷ್ಟು ದೊಡ್ಡ ಕಾರಣವಲ್ಲ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ ಆಗುತ್ತದಲ್ಲ, ಅದೇ ಈಗ ಉಳಿದಿರುವ ದೊಡ್ಡ ಲಾಭ.

ಇಎಲ್‌ಎಫ್‌ನಲ್ಲಿ ಲೈಬ್ರರಿಗೆ ಮೂರು ಹೆಸರು. ಕಂಪ್ರೆಷನ್ ಮಾಡುವ ಝಡ್‌ಲಿಬ್ ಅನ್ನೇ ನೋಡಿ. ಡಿಸ್ಕಿನಲ್ಲಿರುವ ನಿಜವಾದ ಕಡತ ಲಿಬ್‌ಝಡ್.ಎಸ್‌ಒ.1.3.1. ಬಿಲ್ಡ್ ಮಾಡುವಾಗ ಲಿಂಕರ್ ಹುಡುಕುವ ಹೆಸರು ಬರೀ ಲಿಬ್‌ಝಡ್.ಎಸ್‌ಒ. ಇವೆರಡರ ನಡುವೆ ಇರುವುದು ಲಿಬ್‌ಝಡ್.ಎಸ್‌ಒ.1, ಇದನ್ನೇ ಸೋನೇಮ್ ಎನ್ನುತ್ತಾರೆ. ಪ್ರೋಗ್ರಾಂ ಲಿಂಕ್ ಆದಾಗ ಅದರೊಳಗೆ ಅಚ್ಚಾಗುವುದು ಈ ಮೂರನೆಯದು. ಆ ಒಂದಂಕಿಯಲ್ಲಿ ಲೈಬ್ರರಿ ಬರೆದವರು ಒಂದು ಮಾತು ಕೊಟ್ಟಿರುತ್ತಾರೆ: ಈ ಅಂಕಿ ಹೀಗೇ ಇರುವವರೆಗೆ ಒಳಗೆ ಏನೇ ತಿದ್ದಿದರೂ ಹಳೆಯ ಬೈನರಿ ಮುರಿಯುವುದಿಲ್ಲ. ಝಡ್‌ಲಿಬ್ ಕಾಲು ಶತಮಾನಕ್ಕೂ ಮೀರಿ ಆ ‘1’ ಅನ್ನು ಉಳಿಸಿಕೊಂಡು ಬಂದಿದೆ. ಅದು ಎಂಥ ಶಿಸ್ತು ಎಂಬುದು ಒಮ್ಮೆಯಾದರೂ ಲೈಬ್ರರಿ ಬರೆದವರಿಗೆ ಗೊತ್ತು.

ಈ ಮಾತು ಮುರಿಯುವುದು ಬಹಳ ಸುಲಭ. ಒಂದು ಸ್ಟ್ರಕ್ಚರ್‌ನ ನಡುವೆ ಹೊಸದೊಂದು ಫೀಲ್ಡ್ ಸೇರಿಸಿದರೆ ಸೋರ್ಸ್ ಕೋಡ್ ಎಲ್ಲಿಯೂ ದೂರದೆ ಕಂಪೈಲ್ ಆಗುತ್ತದೆ. ಆದರೆ ಹಳೆಯ ಬೈನರಿ ಇಷ್ಟನೇ ಬೈಟ್‌ನಲ್ಲಿ ಇಂಥದ್ದಿದೆ ಎಂದು ನಂಬಿ ಕೂತಿರುತ್ತದೆ. ಅದು ಈಗ ಬೇರೆಯದನ್ನು ಓದುತ್ತದೆ. ಇದೇ ಎಬಿಐ, ಅಂದರೆ ಬೈನರಿಗಳ ನಡುವಿನ ಒಡಂಬಡಿಕೆ. ಸೋರ್ಸ್ ಮಟ್ಟದ ಎಪಿಐ ಹಾಗೆಯೇ ಇದ್ದು ಎಬಿಐ ಮುರಿದ ಉದಾಹರಣೆಗಳು ಬೇಕಾದಷ್ಟಿವೆ. ಎರಡು ಆವೃತ್ತಿಗಳ ಎಬಿಐ ಹೋಲಿಸಿ ಹೇಳುವ ಎಬಿಐಡಿಫ್‌ನಂಥ ಉಪಕರಣ ಇದ್ದರೂ, ಬಿಡುಗಡೆಗೆ ಮೊದಲು ಅದನ್ನು ಓಡಿಸುವ ಪ್ರಾಜೆಕ್ಟುಗಳು ಇನ್ನೂ ಹೆಚ್ಚಾಗಬೇಕು.

ಇಲ್ಲಿ ಪ್ಯಾಕೇಜ್ ಮಾಡುವವರ ಕೆಲಸ ಶುರುವಾಗುತ್ತದೆ. ಬೈನರಿ ಕೇಳುವುದು ಕಡತದ ಹೆಸರನ್ನು; ಪ್ಯಾಕೇಜ್ ಮ್ಯಾನೇಜರ್‌ಗೆ ಗೊತ್ತಿರುವುದು ಪ್ಯಾಕೇಜ್‌ನ ಹೆಸರು. ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಬೇಕು. ಡೆಬಿಯನ್‌ನವರು ಸೋನೇಮ್‌ನ ಅಂಕಿಯನ್ನು ಪ್ಯಾಕೇಜ್ ಹೆಸರಿಗೇ ಸೇರಿಸುವ ರೂಢಿ ಮಾಡಿಕೊಂಡರು: ಲಿಬ್‌ಎಸ್‌ಎಸ್‌ಎಲ್1.1 ಒಂದು ಪ್ಯಾಕೇಜ್, ಲಿಬ್‌ಎಸ್‌ಎಸ್‌ಎಲ್3 ಇನ್ನೊಂದು. ಹೆಸರೇ ಬೇರೆಯಾದ್ದರಿಂದ ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಲ್ಲವು. ಹೆಡರ್ ಕಡತಗಳು ‘ಡೆವ್’ ಎಂಬ ಬೇರೆ ಪ್ಯಾಕೇಜಿಗೆ ಹೋಗುತ್ತವೆ, ಬಿಲ್ಡ್ ಮಾಡುವವರಿಗೆ ಮಾತ್ರ ಬೇಕಾದವು ಎಂದು. ರೆಡ್‌ಹ್ಯಾಟ್ ಕಡೆಯ ಆರ್‌ಪಿಎಂ ಸೋನೇಮ್ ಅನ್ನೇ ಅವಲಂಬನೆಯ ಹೆಸರಾಗಿ ಬರೆದುಕೊಳ್ಳುತ್ತದೆ. ಯಾವ ಪ್ಯಾಕೇಜ್ ಅದನ್ನು ಒದಗಿಸುತ್ತದೆ ಎಂಬುದನ್ನು ಅಳವಡಿಸುವಾಗ ನೋಡಿಕೊಳ್ಳುತ್ತದೆ.

ಎರಡು ಕಡೆಯೂ ಈ ಪಟ್ಟಿಯನ್ನು ಬರೆಯುವುದು ಯಂತ್ರ. ಡೆಬಿಯನ್‌ನ ಡಿಪಿಕೆಜಿ-ಶ್ಲಿಬ್‌ಡೆಪ್ಸ್ ಬಿಲ್ಡ್ ಆದ ಬೈನರಿಯನ್ನು ಬಿಚ್ಚಿ, ಅದು ಕೇಳುವ ಸೋನೇಮ್‌ಗಳನ್ನೂ ಬಳಸುವ ಸಿಂಬಲ್‌ಗಳನ್ನೂ ಓದಿ, ಯಾವ ಪ್ಯಾಕೇಜಿನ ಕನಿಷ್ಠ ಯಾವ ಆವೃತ್ತಿ ಬೇಕೆಂದು ತಾನೇ ಲೆಕ್ಕ ಹಾಕುತ್ತದೆ. ಕೈಯಿಂದ ಬರೆದ ಅವಲಂಬನೆ ಪಟ್ಟಿ ಬರೆದ ದಿನ ಮಾತ್ರ ಸರಿ ಇರುತ್ತದೆ. ಆರು ತಿಂಗಳಲ್ಲಿ ಯಾರೋ ಒಂದು ಫಂಕ್ಷನ್ ಸೇರಿಸುತ್ತಾರೆ, ಪಟ್ಟಿ ಹಳತಾಗುತ್ತದೆ, ಗ್ರಾಹಕರ ಯಂತ್ರದಲ್ಲಿ ಪ್ರೋಗ್ರಾಂ ಬೀಳುತ್ತದೆ. ಕಂಪನಿಯೊಳಗೆ ಬಳಸುವ ಸಣ್ಣ ಪ್ಯಾಕೇಜ್‌ಗೂ ಈ ಉಪಕರಣಗಳನ್ನೇ ಬಳಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಬಹಳ ಜನ ಎಲ್‌ಡಿಡಿ ಎಂಬ ಆಜ್ಞೆಯ ಫಲಿತಾಂಶವನ್ನು ನೋಡಿ, ಅಲ್ಲಿ ಬಂದದ್ದನ್ನೆಲ್ಲ ಅವಲಂಬನೆ ಎಂದು ಬರೆದುಬಿಡುತ್ತಾರೆ. ಅದು ನೇರ ಅವಲಂಬನೆಯ ಜೊತೆಗೆ ಅವಲಂಬನೆಯ ಅವಲಂಬನೆಯನ್ನೂ ತೋರಿಸುತ್ತದೆ. ನಂಬಿಕೆಯಿಲ್ಲದ ಕಡತದ ಮೇಲೆ ಅದನ್ನು ಓಡಿಸುವುದು ಅಪಾಯ ಕೂಡ, ಅದರ ಕೆಲವು ಆವೃತ್ತಿಗಳಲ್ಲಿ ಆ ಕಡತವೇ ಓಡಿಬಿಡುವ ಸಂಭವ ಇದೆ. ರೀಡ್‌ಎಲ್ಫ್ ಅಥವಾ ಆಬ್ಜ್‌ಡಂಪ್‌ನಿಂದ ‘ನೀಡೆಡ್’ ಸಾಲುಗಳನ್ನು ಮಾತ್ರ ಓದಬೇಕು. ಬಿಲ್ಡ್ ಮಾಡುವಾಗ ಬೇಡದ ಲೈಬ್ರರಿಗಳಿಗೂ ಲಿಂಕ್ ಮಾಡಿಬಿಡುವ ಅಭ್ಯಾಸ ಇನ್ನೊಂದು ತೊಂದರೆ. ಬಳಸದ ಲೈಬ್ರರಿಯ ಸೋನೇಮ್ ಬದಲಾದಾಗಲೂ ಆಗ ನಿಮ್ಮ ಪ್ಯಾಕೇಜನ್ನು ಮತ್ತೆ ಬಿಲ್ಡ್ ಮಾಡಬೇಕಾಗುತ್ತದೆ. ಲಿಂಕರ್‌ಗೆ ‘ಆ್ಯಸ್-ನೀಡೆಡ್’ ಎಂದು ಹೇಳಿದರೆ ಇದು ತಪ್ಪುತ್ತದೆ. ಉಬುಂಟು ಅದನ್ನು 2011ರಲ್ಲೇ ಪೂರ್ವನಿಯೋಜಿತವಾಗಿ ಹಾಕಿಕೊಂಡಿತು.

ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಪಟ್ಟಿರುವ ಪಾಡನ್ನು ಇಲ್ಲಿ ಹೇಳಲೇಬೇಕು. ಅದರ ಸೋನೇಮ್ ಲಿಬ್‌ಸಿ.ಎಸ್‌ಒ.6 ಎಂದು 1997ರಿಂದ ಹಾಗೆಯೇ ಇದೆ. ಒಳಗಿನ ಒಂದೊಂದು ಫಂಕ್ಷನ್‌ಗೂ ಒಂದು ಆವೃತ್ತಿಯ ಚೀಟಿ ಅಂಟಿಸಿರುತ್ತಾರೆ. 2010ರಲ್ಲಿ ಫೆಡೋರಾ 14ರಲ್ಲಿ ಫ್ಲ್ಯಾಶ್ ಪ್ಲೇಯರ್‌ನ ಧ್ವನಿ ಕೆಟ್ಟುಹೋಯಿತು. ಮೆಮೊರಿ ನಕಲು ಮಾಡುವ ಮೆಮ್‌ಕಾಪಿ ಫಂಕ್ಷನ್ ವೇಗಕ್ಕಾಗಿ ಬೈಟುಗಳನ್ನು ಬೇರೆ ಕ್ರಮದಲ್ಲಿ ನಕಲಿಸತೊಡಗಿತ್ತು. ಒಂದರ ಮೇಲೊಂದು ಬೀಳುವ ಜಾಗಗಳ ನಡುವೆ ಮೆಮ್‌ಕಾಪಿ ಬಳಸಬಾರದು ಎಂಬುದು ನಿಯಮ, ಫ್ಲ್ಯಾಶ್ ಅದನ್ನು ಮುರಿದಿತ್ತು. ತಪ್ಪು ಫ್ಲ್ಯಾಶ್‌ನದೇ ಎಂದು ಜಿಲಿಬ್‌ಸಿಯವರು ವಾದಿಸಿದರು. ಬಳಕೆದಾರರಿಗೆ ಬೇಕಾದದ್ದು ಕೆಲಸ ಮಾಡುವ ಯಂತ್ರ ಎಂದು ಲೀನಸ್ ಟೊರ್ವಾಲ್ಡ್ಸ್ ಪಟ್ಟು ಹಿಡಿದರು. ಕೊನೆಗೆ 2011ರ 2.14 ಆವೃತ್ತಿಯಲ್ಲಿ ಎರಡು ಮೆಮ್‌ಕಾಪಿಗಳಾದವು: ಹಳೆಯ ಬೈನರಿಗಳಿಗೆ ಹಳೆಯ ಚೀಟಿಯ ಸುರಕ್ಷಿತ ರೂಪ, ಹೊಸದಾಗಿ ಲಿಂಕ್ ಆಗುವವಕ್ಕೆ ಹೊಸದು. ನಿಯಮದ ಪ್ರಕಾರ ಸರಿ ಇರುವುದಕ್ಕಿಂತ ಹೆಚ್ಚಿನ ಜವಾಬ್ದಾರಿ ಲೈಬ್ರರಿಯ ಮೇಲಿದೆ ಎಂಬುದನ್ನು ನಾನು ಈ ಪ್ರಕರಣದಿಂದ ಕಲಿತೆ.

ಈ ಚೀಟಿಗಳ ಇನ್ನೊಂದು ಮುಖವೂ ಇದೆ. ಹಳೆಯ ಬೈನರಿ ಹೊಸ ಜಿಲಿಬ್‌ಸಿಯ ಮೇಲೆ ಓಡುತ್ತದೆ, ಹೊಸದು ಹಳೆಯದರ ಮೇಲೆ ಓಡುವುದಿಲ್ಲ. 2.35 ಇರುವ ಉಬುಂಟು 22.04ರಲ್ಲಿ ಬಿಲ್ಡ್ ಮಾಡಿದ ಪ್ರೋಗ್ರಾಂ ಸಾಮಾನ್ಯವಾಗಿ 2.34ರ ಚೀಟಿಯನ್ನಾದರೂ ಕೇಳುತ್ತದೆ, ಹಾಗಾಗಿ 2.31 ಇರುವ 20.04ರಲ್ಲಿ ಶುರುವಾಗುವುದೇ ಇಲ್ಲ. ಬೆಂಬಲಿಸಬೇಕಾದ ಅತ್ಯಂತ ಹಳೆಯ ವ್ಯವಸ್ಥೆಯಲ್ಲೇ ಬಿಲ್ಡ್ ಮಾಡಿ ಎಂಬ ರೂಢಿಯ ಮಾತು ಬಂದದ್ದು ಇದರಿಂದಲೇ.

ಒಮ್ಮೊಮ್ಮೆ ಮಾತು ಮುರಿಯದೆ ಗತ್ಯಂತರವೇ ಇರುವುದಿಲ್ಲ. 2015ರಲ್ಲಿ ಜಿಸಿಸಿ 5 ಬಂದಾಗ ಸಿ++11 ಮಾನದಂಡಕ್ಕಾಗಿ ಸ್ಟ್ರಿಂಗ್‌ನ ಒಳರಚನೆಯನ್ನೇ ಬದಲಿಸಬೇಕಾಯಿತು. ಜಿಸಿಸಿಯ ಸಿ++ ಲೈಬ್ರರಿಯಾದ ಲಿಬ್‌ಎಸ್‌ಟಿಡಿಸಿ++ ತನ್ನೊಳಗೆ ಹಳೆಯದನ್ನೂ ಹೊಸದನ್ನೂ ಇಟ್ಟುಕೊಂಡು ತನ್ನ ಸೋನೇಮ್ ಉಳಿಸಿಕೊಂಡಿತು. ಅದರ ಮೇಲೆ ನಿಂತ ಲೈಬ್ರರಿಗಳಿಗೆ ಆ ಅನುಕೂಲ ಇರಲಿಲ್ಲ. ಡೆಬಿಯನ್‌ನವರು ಅವುಗಳ ಪ್ಯಾಕೇಜ್ ಹೆಸರಿಗೆ ‘ವಿ5’ ಎಂಬ ಬಾಲ ಕಟ್ಟಿ ಎಲ್ಲವನ್ನೂ ಹೊಸದಾಗಿ ಬಿಲ್ಡ್ ಮಾಡಿದರು. 2024ರಲ್ಲಿ ಇನ್ನೂ ದೊಡ್ಡದು ಬಂತು. 32 ಬಿಟ್ ಯಂತ್ರಗಳಲ್ಲಿ ಸಮಯವನ್ನು ಎಣಿಸುವ ಸಂಖ್ಯೆ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಅದನ್ನು 64 ಬಿಟ್‌ಗೆ ಹಿಗ್ಗಿಸಿದರೆ ಸಮಯವನ್ನು ಮುಟ್ಟುವ ಪ್ರತಿಯೊಂದು ಲೈಬ್ರರಿಯ ಎಬಿಐ ಬದಲಾಗುತ್ತದೆ, ಸೋನೇಮ್‌ಗೆ ಅದರ ಸುಳಿವೂ ಇರುವುದಿಲ್ಲ. ಆಗ ನೂರಾರು ಲೈಬ್ರರಿಗಳ ಹೆಸರಿಗೆ ‘ಟಿ64’ ಸೇರಿತು. ಇವತ್ತು ಲಿಬ್‌ಎಸ್‌ಎಸ್‌ಎಲ್3ಟಿ64 ಎಂಬ ವಿಚಿತ್ರ ಹೆಸರು ಕಂಡರೆ ಅದು ಆ ವಲಸೆಯ ಗುರುತು. ಹಳೆಯ 32 ಬಿಟ್ ಇಂಟೆಲ್ ಪ್ರೋಗ್ರಾಂಗಳು ಬದುಕಿರಲಿ ಎಂದು ಐ386 ಅನ್ನು ಮಾತ್ರ ಬೇಕೆಂದೇ ಹೊರಗಿಟ್ಟರು. ಈ ಕೆಲಸ ಮಾಡಿದವರಲ್ಲಿ ಎಷ್ಟೋ ಮಂದಿ ಸ್ವಯಂಸೇವಕರು. 2038ರಲ್ಲಿ ಏನೂ ಆಗದೆ ದಿನ ಕಳೆದರೆ ಯಾರೂ ಅವರನ್ನು ನೆನೆಯುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಇಷ್ಟು ಕಷ್ಟವೇಕೆ, ಬೇಕಾದ ಲೈಬ್ರರಿಯನ್ನು ಪ್ರೋಗ್ರಾಂ ಜೊತೆಗೇ ಕಟ್ಟಿ ಕಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ತಾನು ಪರೀಕ್ಷಿಸಿದ ಲೈಬ್ರರಿಯೊಂದಿಗೇ ತನ್ನ ಪ್ರೋಗ್ರಾಂ ಓಡಲಿ ಎಂದು ಬರೆದವರು ಬಯಸುವುದು ಸಹಜ. ಆದರೆ 2002ರ ಮಾರ್ಚ್‌ನಲ್ಲಿ ಝಡ್‌ಲಿಬ್‌ನಲ್ಲಿ ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವ ದೋಷ ಸಿಕ್ಕಿತು. 1.1.4 ಆವೃತ್ತಿಯಲ್ಲಿ ಅದನ್ನು ತಿದ್ದಿದರು. ಹಂಚಿಕೆಯ ಲೈಬ್ರರಿ ಬಳಸಿದವರಿಗೆ ಒಂದು ಅಪ್‌ಡೇಟ್ ಸಾಕಾಯಿತು. ಕೋಡನ್ನು ತಮ್ಮೊಳಗೆ ನಕಲಿಸಿಕೊಂಡ ಪ್ರೋಗ್ರಾಂಗಳು ಎಷ್ಟಿವೆ, ಎಲ್ಲಿವೆ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು. ಲಿನಕ್ಸ್ ಕರ್ನಲ್‌ನೊಳಗೂ ಒಂದು ಪ್ರತಿ ಇತ್ತು. ಇಪ್ಪತ್ತೊಂದು ವರ್ಷದ ನಂತರ, 2023ರ ಸೆಪ್ಟೆಂಬರ್‌ನಲ್ಲಿ, ಚಿತ್ರಗಳನ್ನು ಓದುವ ಲಿಬ್‌ವೆಬ್‌ಪಿಯಲ್ಲಿ ಅಂಥದೇ ಗಂಭೀರ ದೋಷ ಕಂಡಿತು. ಕ್ರೋಮ್ ಮತ್ತು ಫೈರ್‌ಫಾಕ್ಸ್ ತಕ್ಷಣ ತಿದ್ದಿಕೊಂಡವು. ಕ್ರೋಮಿಯಂ ಅನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಎಲೆಕ್ಟ್ರಾನ್ ಆ್ಯಪ್‌ಗಳು ಒಂದೊಂದಾಗಿ ಹೊಸ ಬಿಡುಗಡೆ ಮಾಡಬೇಕಾಯಿತು. ಪೈಥಾನ್‌ನ ಪಿಲ್ಲೋ ಲೈಬ್ರರಿ ತನ್ನ ವೀಲ್‌ಗಳೊಳಗಿನ (ವೀಲ್ ಎಂದರೆ ಬಿಲ್ಡ್ ಮಾಡಿಟ್ಟ ಪೈಥಾನ್ ಪ್ಯಾಕೇಜ್) ಪ್ರತಿಗಾಗಿಯೇ 10.0.1 ಹೊರತಂದಿತು. ಒಂದು ದೋಷಕ್ಕೆ ನೂರು ಬಾಗಿಲು ತಟ್ಟಬೇಕಾಗಿ ಬಂತು.

ಜೊತೆಗೆ ಕಟ್ಟುವುದನ್ನು ಪೂರ್ತಿ ನಿಷೇಧಿಸುವುದು ನಡೆಯುವ ಮಾತಲ್ಲ ಎಂದು ಫೆಡೋರಾ 2015ರಲ್ಲಿ ತನ್ನ ಬಿಗಿ ಸಡಿಲಿಸಿತು. ಆದರೆ ಒಂದು ಷರತ್ತು ಉಳಿಸಿಕೊಂಡಿತು: ಒಳಗೆ ಏನು ಕಟ್ಟಿದ್ದೀರೆಂದು ಪ್ಯಾಕೇಜಿನಲ್ಲಿ ‘ಬಂಡಲ್ಡ್’ ಎಂದು ಬರೆಯಬೇಕು. ನಾಳೆ ದೋಷ ಸಿಕ್ಕಾಗ ಯಾರ ಮನೆಗೆ ಹೋಗಬೇಕೆಂದು ಆಗ ಗೊತ್ತಾಗುತ್ತದೆ. ನಾನು ಕಂಡ ನಿಯಮಗಳಲ್ಲಿ ಇದು ಅತ್ಯಂತ ವಿವೇಕದ್ದು.

ಪೈಥಾನ್‌ನವರಿಗೆ ಕಟ್ಟುವುದು ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು. ಒಂದೇ ವೀಲ್ ಎಲ್ಲ ಲಿನಕ್ಸ್‌ನಲ್ಲೂ ಓಡಬೇಕು, ಯಾವ ಲಿನಕ್ಸ್‌ನಲ್ಲಿ ಯಾವ ಲೈಬ್ರರಿ ಇದೆಯೋ ಗೊತ್ತಿಲ್ಲ. 2016ರಲ್ಲಿ ಬಂದ ಮೆನಿಲಿನಕ್ಸ್1 ಇದಕ್ಕೊಂದು ಗೆರೆ ಎಳೆಯಿತು: ಜಿಲಿಬ್‌ಸಿ 2.5 ಇರುವ ಸೆಂಟ್‌ಓಎಸ್ 5ರಲ್ಲಿ ಬಿಲ್ಡ್ ಮಾಡಿ, ಎಲ್ಲ ಕಡೆಯೂ ಇರುವ ಕೆಲವೇ ಲೈಬ್ರರಿಗಳನ್ನು ಹೊರಗಿನಿಂದ ಬಳಸಿ, ಮಿಕ್ಕಿದ್ದನ್ನು ಒಳಗೆ ತುಂಬಿ. ಆಡಿಟ್‌ವೀಲ್ ಎಂಬ ಉಪಕರಣ ತುಂಬಿದ ಪ್ರತಿಯೊಂದು ಲೈಬ್ರರಿಯ ಹೆಸರಿಗೂ ಹ್ಯಾಷ್ ಸೇರಿಸಿ ಬದಲಿಸುತ್ತದೆ, ಇನ್ನೊಂದು ವೀಲ್‌ನ ಪ್ರತಿಯೊಂದಿಗೆ ಗೊಂದಲವಾಗದಿರಲಿ ಎಂದು. ಬಹುಪಾಲು ಇದು ಅಚ್ಚುಕಟ್ಟಾಗಿ ನಡೆಯುತ್ತದೆ. ನಡೆಯದಿದ್ದಾಗ ಕಾರಣ ಹುಡುಕುವುದು ಕಷ್ಟ. ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕೋಪಿಜಿ2 ವೀಲ್‌ನೊಳಗೆ ಒಂದು ಲಿಬ್‌ಎಸ್‌ಎಸ್‌ಎಲ್ ಇತ್ತು, ಪೈಥಾನ್ ತನಗಾಗಿ ಸಿಸ್ಟಮ್‌ನ ಇನ್ನೊಂದನ್ನು ಲೋಡ್ ಮಾಡುತ್ತಿತ್ತು. ಒಂದೇ ಪ್ರೋಸೆಸ್‌ನಲ್ಲಿ ಎರಡೂ ಸೇರಿ, ಹಲವು ಥ್ರೆಡ್‌ಗಳಿದ್ದಾಗ ಕ್ರ್ಯಾಶ್ ಆಗತೊಡಗಿತು. ಕಟ್ಟಿದ ರೂಪವನ್ನು 2018ರಲ್ಲಿ ‘ಸೈಕೋಪಿಜಿ2-ಬೈನರಿ’ ಎಂದು ಬೇರೆ ಮಾಡಿದರು. ನಿಜವಾದ ಸರ್ವರ್‌ಗಳಲ್ಲಿ ಸೋರ್ಸ್‌ನಿಂದ ಬಿಲ್ಡ್ ಮಾಡಿಕೊಳ್ಳಿ ಎಂಬುದು ಅವರದೇ ಸಲಹೆ. ಕಾಂಡಾ ಎಂಬ ಪ್ಯಾಕೇಜ್ ಮ್ಯಾನೇಜರ್ ಇನ್ನೊಂದು ದಾರಿ ಹಿಡಿಯಿತು: ಸಿ ಲೈಬ್ರರಿಗಳನ್ನೂ ತಾನೇ ಪ್ಯಾಕೇಜ್ ಮಾಡಿ, ಒಂದು ಪರಿಸರಕ್ಕೆ ಒಂದೇ ಪ್ರತಿ ಎಂಬ ನಿಯಮ. ಅಂದರೆ ಭಾಷೆಯ ಮೇಲೊಂದು ಪುಟ್ಟ ಡಿಸ್ಟ್ರೋ.

ನಿಕ್ಸ್‌ನ ಉತ್ತರ ಬೇರೆಯೇ. ಎಲ್ಕೊ ಡೊಲ್ಸ್ಟ್ರಾ ಅವರ 2006ರ ಪಿಎಚ್‌ಡಿ ಪ್ರಬಂಧದ ವಿಚಾರ ಇದು: ಪ್ರತಿ ಪ್ಯಾಕೇಜ್ ತನ್ನ ಬಿಲ್ಡ್‌ಗೆ ಬೇಕಾದ ಎಲ್ಲದರಿಂದ ಲೆಕ್ಕ ಹಾಕಿದ ಹ್ಯಾಷ್ ಹೊತ್ತ ಸ್ವಂತ ಡೈರೆಕ್ಟರಿಯಲ್ಲಿರುತ್ತದೆ, ಬೈನರಿಯೊಳಗೆ ಆ ಪೂರ್ತಿ ದಾರಿಯೇ ಬರೆದಿರುತ್ತದೆ. ಎಷ್ಟು ಆವೃತ್ತಿಗಳಾದರೂ ಜೊತೆಗಿರಬಹುದು, ತಪ್ಪು ಲೈಬ್ರರಿ ಸಿಗುವ ಮಾತೇ ಇಲ್ಲ. ಬೆಲೆ ಏನೆಂದರೆ ತಳದ ಲೈಬ್ರರಿ ಒಂದಿಷ್ಟು ಅಲುಗಿದರೂ ಅದರ ಮೇಲಿನದೆಲ್ಲ ಮತ್ತೆ ಬಿಲ್ಡ್ ಆಗಬೇಕು. ಹೊರೆ ಮನುಷ್ಯರಿಂದ ಯಂತ್ರಗಳ ಹೆಗಲಿಗೆ ಹೋಯಿತು, ಮತ್ತು ಯಂತ್ರಗಳ ಖರ್ಚು ಕೊಡುವವರ ಹೆಗಲಿಗೆ. ಫ್ಲ್ಯಾಟ್‌ಪ್ಯಾಕ್ ನಡುವಿನ ದಾರಿ: ಎಲ್ಲರಿಗೂ ಬೇಕಾದ್ದು ಹಂಚಿಕೆಯ ರನ್‌ಟೈಮ್‌ನಲ್ಲಿ, ಉಳಿದದ್ದು ಆ್ಯಪ್‌ನೊಳಗೆ.

ಕನ್ನಡದ ಓದುಗರಿಗೆ ಇದು ದೂರದ ವಿಷಯವಲ್ಲ. ಪರದೆಯ ಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂರುವಂತೆ ಮಾಡುವುದು ಹಾರ್ಫ್‌ಬಝ್ ಎಂಬ ಲೈಬ್ರರಿ. ಲಿಬ್ರೆ ಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ವ್ಯವಸ್ಥೆಗಳಲ್ಲೂ ಅದನ್ನೇ ಬಳಸುತ್ತದೆ. ಫೈರ್‌ಫಾಕ್ಸ್ ಮತ್ತು ಕ್ರೋಮಿಯಂ ತಮ್ಮ ಸೋರ್ಸ್‌ನಲ್ಲೇ ತಂತಮ್ಮ ಪ್ರತಿ ಇಟ್ಟುಕೊಂಡಿವೆ. ಹಾಗಾಗಿ ಒಂದೇ ಯಂತ್ರದಲ್ಲಿ ಹಾರ್ಫ್‌ಬಝ್‌ನ ಮೂರು ನಾಲ್ಕು ಆವೃತ್ತಿಗಳು ಇರುವುದು ಸಾಮಾನ್ಯ. ಒಂದೇ ಫಾಂಟ್‌ನ ಒಂದೇ ಪದ ಒಂದು ಪ್ರೋಗ್ರಾಂನಲ್ಲಿ ಸರಿಯಾಗಿ, ಇನ್ನೊಂದರಲ್ಲಿ ತಪ್ಪಾಗಿ ಕಂಡರೆ ಫಾಂಟ್ ಮಾಡಿದವರನ್ನು ದೂರುವ ಮೊದಲು ಎರಡರೊಳಗಿನ ಹಾರ್ಫ್‌ಬಝ್ ಯಾವುದೆಂದು ನೋಡುವುದು ಒಳ್ಳೆಯದು. ಪ್ಯಾಕೇಜ್ ಮಾಡುವವರಿಗೆ ಇಲ್ಲಿ ಇನ್ನೊಂದು ಸಿಕ್ಕು ಇದೆ. ಹಾರ್ಫ್‌ಬಝ್‌ಗೆ ಫಾಂಟ್ ಓದುವ ಫ್ರೀಟೈಪ್ ಬೇಕು, ಫ್ರೀಟೈಪ್‌ಗೆ ತನ್ನ ಆಟೋಹಿಂಟರ್‌ಗಾಗಿ ಹಾರ್ಫ್‌ಬಝ್ ಬೇಕು. ಮೊದಲು ಹಾರ್ಫ್‌ಬಝ್ ಇಲ್ಲದ ಫ್ರೀಟೈಪ್, ಆಮೇಲೆ ಹಾರ್ಫ್‌ಬಝ್, ಆಮೇಲೆ ಮತ್ತೆ ಫ್ರೀಟೈಪ್ ಎಂದು ಮೂರು ಸುತ್ತು ಬಿಲ್ಡ್ ಮಾಡಿ ಗಂಟು ಬಿಡಿಸುತ್ತಾರೆ.

ಹಂಚಿಕೆಗೂ ಅಪಾಯವಿದೆ ಎಂದು ತೋರಿಸಿದ್ದು 2024ರ ಮಾರ್ಚ್ 29. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದರ ಬೆನ್ನು ಹತ್ತಿ, ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಅಡಗಿಸಿಟ್ಟ ಕಳ್ಳಬಾಗಿಲನ್ನು ಬಯಲಿಗೆಳೆದರು. ಎಸ್‌ಎಸ್‌ಎಚ್ ಸರ್ವರ್‌ಗೂ ಕಂಪ್ರೆಷನ್ ಲೈಬ್ರರಿಗೂ ಏನು ಸಂಬಂಧ? ನೇರ ಸಂಬಂಧ ಯಾವುದೂ ಇಲ್ಲ. ಸರ್ವರ್ ಶುರುವಾಗಿದೆ ಎಂದು ಸಿಸ್ಟಮ್‌ಡಿಗೆ ತಿಳಿಸಲು ಕೆಲವು ಡಿಸ್ಟ್ರೋಗಳು ಅದಕ್ಕೆ ಲಿಬ್‌ಸಿಸ್ಟಮ್‌ಡಿ ಜೋಡಿಸಿದ್ದವು. ಆ ಲೈಬ್ರರಿ ಬೇರೆ ಕೆಲಸಕ್ಕೆಂದು ಎಕ್ಸ್‌ಝಡ್‌ನದೇ ಲೈಬ್ರರಿಯಾದ ಲಿಬ್‌ಎಲ್‌ಝಡ್‌ಎಂಎ ಬಳಸುತ್ತಿತ್ತು. ಒಂದು ಸಣ್ಣ ಸಂದೇಶ ಕಳಿಸುವ ಅನುಕೂಲಕ್ಕಾಗಿ ಇಡೀ ಸರಪಳಿ ಒಳಗೆ ಬಂದಿತ್ತು. ಉಬುಂಟು 24.04ರ ಬೀಟಾವನ್ನು ಒಂದು ವಾರ ಮುಂದೂಡಿ ಪ್ಯಾಕೇಜುಗಳನ್ನು ಹೊಸದಾಗಿ ಬಿಲ್ಡ್ ಮಾಡಿದರು. ಅವಲಂಬನೆಯ ಅವಲಂಬನೆಯನ್ನು ಓದುವ ಅಭ್ಯಾಸ ಎಷ್ಟು ಮುಖ್ಯ ಎಂದು ಈಗ ಬಿಡಿಸಿ ಹೇಳಬೇಕಿಲ್ಲ.

ಈಗ ಸಿಸ್ಟಮ್‌ಡಿ ಅಂಥ ಲೈಬ್ರರಿಗಳಿಗೆ ಲಿಂಕ್ ಆಗದೆ, ಬೇಕಾದಾಗ ಮಾತ್ರ ಡಿಎಲ್‌ಓಪನ್ ಮೂಲಕ ತೆರೆಯುತ್ತದೆ. ಒಳ್ಳೆಯ ಬದಲಾವಣೆಯೇ. ಆದರೆ ಹೀಗೆ ತೆರೆದ ಲೈಬ್ರರಿ ‘ನೀಡೆಡ್’ ಪಟ್ಟಿಯಲ್ಲಿ ಬರುವುದಿಲ್ಲ, ಶ್ಲಿಬ್‌ಡೆಪ್ಸ್‌ಗಾಗಲಿ ಆರ್‌ಪಿಎಂಗಾಗಲಿ ಕಾಣುವುದಿಲ್ಲ. ಅದಕ್ಕೆ ಅವರು ಬೈನರಿಯೊಳಗೇ ಒಂದು ಟಿಪ್ಪಣಿ ಬರೆದಿಡುವ ಕ್ರಮ ತಂದಿದ್ದಾರೆ: ನಾನು ಇಂಥ ಸೋನೇಮ್‌ಗಳನ್ನು ತೆರೆಯಬಹುದು, ಇದು ಕಡ್ಡಾಯ, ಇದು ಐಚ್ಛಿಕ ಎಂದು. ಪ್ಯಾಕೇಜ್ ಉಪಕರಣಗಳು ಅದನ್ನು ಓದಲು ಕಲಿಯುತ್ತಿವೆ.

ಗೋ ಮತ್ತು ರಸ್ಟ್‌ನಲ್ಲಿ ಬರೆದ ಪ್ರೋಗ್ರಾಂಗಳು ಅವಲಂಬನೆಗಳನ್ನು ಒಂದೇ ಕಡತದೊಳಗೆ ನುಂಗಿಬಿಡುತ್ತವೆ. ರಸ್ಟ್‌ಗೆ ಸ್ಥಿರವಾದ ಎಬಿಐ ಇನ್ನೂ ಇಲ್ಲ, ಸೋನೇಮ್‌ನ ಮಾತನ್ನು ಕೊಡುವ ಸ್ಥಿತಿಯಲ್ಲೇ ಅದಿಲ್ಲ. ಡೆಬಿಯನ್ ರಸ್ಟ್‌ನ ಲೈಬ್ರರಿಗಳನ್ನು ಸೋರ್ಸ್ ರೂಪದಲ್ಲೇ ಪ್ಯಾಕೇಜ್ ಮಾಡಿ, ಪ್ರತಿ ಪ್ರೋಗ್ರಾಂ ಯಾವ ಲೈಬ್ರರಿಯ ಯಾವ ಆವೃತ್ತಿಯನ್ನು ನುಂಗಿದೆ ಎಂದು ಬರೆದಿಡುತ್ತದೆ. ದೋಷ ಸಿಕ್ಕ ದಿನ ಆ ಪಟ್ಟಿ ಹಿಡಿದು ಒಂದೊಂದನ್ನೇ ಮತ್ತೆ ಬಿಲ್ಡ್ ಮಾಡಬೇಕು. ನನ್ನ ಆ ಹಳೆಯ ಸರ್ವರ್‌ನಲ್ಲಿ ಇಲ್ಲದೆ ಹೋದದ್ದು ಅಂಥ ಒಂದು ಪಟ್ಟಿ. ಈಗ ಕೈಯಾರೆ ಏನನ್ನಾದರೂ ಹಾಕಿದರೆ ಅದನ್ನೂ ಒಂದು ಡೆಬ್ ಪ್ಯಾಕೇಜ್ ಮಾಡಿ, ಒಳಗೆ ಕಟ್ಟಿದ್ದನ್ನೆಲ್ಲ ಆವೃತ್ತಿ ಸಮೇತ ಬರೆದು, ಮತ್ತೆ ಬಿಲ್ಡ್ ಮಾಡುವವರು ಎಂಬ ಜಾಗದಲ್ಲಿ ನನ್ನ ಹೆಸರು ಹಾಕುತ್ತೇನೆ. ಆ ಜಾಗದಲ್ಲಿ ಹಾಕಲು ಯಾವ ಹೆಸರೂ ಸಿಗದಿದ್ದರೆ ಆ ಲೈಬ್ರರಿಯನ್ನು ಒಳಗೆ ಕಟ್ಟುವುದಿಲ್ಲ.